ರಾಣಿ ಇರುವೆ ಮತ್ತು ಎರಡನೆಯ ರುಜು

ಇರುವೆ ಸಾಕಲು ಬೇಕಾದದ್ದೆಲ್ಲ ಗುಮಾಸ್ತರ ಹತ್ತಿರ ಇತ್ತು. ಒಂದು ರುಜು ಮಾತ್ರ ಇರಲಿಲ್ಲ.

ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವ ಇದ್ದರೆ ಸಾಕು ಅನ್ನಿಸಿತ್ತು ಅವರಿಗೆ. ನಾಯಿಗೆ ಮನೆ ಮಾಲೀಕರು ಒಪ್ಪಲಿಲ್ಲ. ಬೆಕ್ಕು ಎರಡು ದಿನ ಇದ್ದು ಪಕ್ಕದ ಮನೆ ಸೇರಿತು. ಮೀನುಗಳು ಒಂದೇ ವಾರಕ್ಕೆ ಹೊಟ್ಟೆ ಮೇಲೆ ಮಾಡಿ ತೇಲಿದವು. ರಾಣಿ ಇರುವೆ ಹದಿನೈದು ವರ್ಷ ಬದುಕಬಹುದೆಂದು ಎಲ್ಲೋ ಓದಿದಾಗ, ಇದು ತನಗಿಂತ ಮೊದಲು ಹೋಗುವ ಪೈಕಿ ಅಲ್ಲ ಎಂದು ಐವತ್ತೇಳರ ಗುಮಾಸ್ತರಿಗೆ ಧೈರ್ಯ ಬಂತು.

ಇರುವೆ ಮಾರುವವರು ಗಡಿಯಾರ ರಿಪೇರಿಯ ಮುದುಕರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹವ್ಯಾಸಕ್ಕೆಂದು ಇರುವೆ ಸಾಕಿದ್ದರು. ಬೆಳಿಗ್ಗೆ ಗುಮಾಸ್ತರು ಹೋದಾಗ ಹೆಣ್ಣು ಕೊಡುವ ಮಾವನ ಹಾಗೆ ಮೇಲಿಂದ ಕೆಳಗೆ ನೋಡಿದರು.

"ಹೊರದೇಶದ ಇರುವೆ ನಾನು ಮುಟ್ಟೋದಿಲ್ಲ, ಕಾನೂನಿಗೆ ವಿರುದ್ಧ. ಇದು ನಮ್ಮ ಊರಿನದೇ. ಅಂಚೇಲಿ ಕಳಿಸೋದಿಲ್ಲ, ಕೈಗೇ ಕೊಡೋದು. ಬೇಜಾರಾಯ್ತು ಅಂತ ನೀವು ಎಲ್ಲೋ ಬಿಟ್ಟು ಬರೋ ಹಾಗಿಲ್ಲ. ಅದಕ್ಕೇ ನಮ್ಮ ಇರುವೆ ಸಾಕೋರ ಸಂಘದ ನಿಯಮ, ನಿಮ್ಮ ನಂತರ ನೋಡ್ಕೊಳ್ಳೋರು ರುಜು ಹಾಕಬೇಕು. ಸಂಜೆ ಆರರೊಳಗೆ ತನ್ನಿ, ಇಲ್ಲಾಂದ್ರೆ ಇನ್ನೊಬ್ಬರು ಕಾಯ್ತಿದಾರೆ."

"ನನ್ನ ನಂತರ ಅಂದ್ರೆ?"

"ನಂತರ ಅಂದ್ರೆ ನಂತರ," ಎಂದರು ಮುದುಕರು.

ಕಾಗದ ಹಿಡಿದು ಗುಮಾಸ್ತರು ಆಫೀಸಿಗೆ ಬಂದು, ಪಕ್ಕದ ಮೇಜಿನ ಕ್ಯಾಷಿಯರ್ ಮುಂದೆ ಹಲ್ಲು ಗಿಂಜಿದರು. "ಒಂದು ಉಪಕಾರ ಆಗಬೇಕಿತ್ತು. ನಾನು ಹೋದ ಮೇಲೆ ಒಂದು ಜೀವ ನೋಡ್ಕೋಬೇಕು."

"ಎಲ್ಲಿಗೆ ಹೋಗ್ತೀರಿ?"

"ಎಲ್ಲರೂ ಹೋಗೋ ಕಡೆಗೇ."

ಕ್ಯಾಷಿಯರ್ ಕೈಯಿಂದ ಪೆನ್ನು ಬಿತ್ತು. ಆಮೇಲೆ ಗುಮಾಸ್ತರು ಎಷ್ಟು ಸಲ "ಇರುವೆ" ಅಂದರೂ ಯಾರ ಕಿವಿಗೂ ಅದು ಹೋಗಲಿಲ್ಲ. ಹತ್ತು ನಿಮಿಷದಲ್ಲಿ ಸುದ್ದಿ ಇಡೀ ಆಫೀಸು ಸುತ್ತಿತು. ಟೈಪಿಸ್ಟ್ ಬಿಕ್ಕಿ ಬಿಕ್ಕಿ ಅತ್ತಳು. ಯಾರೋ ರೆಕಾರ್ಡ್ ರೂಮಿನಿಂದ ಕತ್ತರಿ, ಬ್ಲೇಡು, ಫೈಲು ಕಟ್ಟುವ ದಾರವನ್ನೆಲ್ಲ ಎತ್ತಿಕೊಂಡು ಹೋದರು. ಗುಮಾಸ್ತರು ಶೌಚಾಲಯಕ್ಕೆ ಹೋದರೆ ಪ್ಯೂನು ಹೊರಗೆ ನಿಂತು ಎರಡೆರಡು ನಿಮಿಷಕ್ಕೊಮ್ಮೆ "ಸಾರ್, ಇದೀರಾ?" ಎಂದು ಕೂಗುತ್ತಿದ್ದ.

ಮ್ಯಾನೇಜರ್ ಒಳಗೆ ಕರೆದು ಹೆಗಲ ಮೇಲೆ ಕೈಯಿಟ್ಟರು. "ಇನ್ನು ಮೂರು ವರ್ಷ ಸರ್ವೀಸಿದೆ. ಅದನ್ನ ಮುಗಿಸಿಯಾದ್ರೂ..."

"ಸಾರ್, ಇರುವೆ..."

"ಏನೂ ಹೇಳ್ಬೇಡಿ. ನನಗೆ ಅರ್ಥ ಆಗುತ್ತೆ."

ಇಬ್ಬರು ಸಹೋದ್ಯೋಗಿಗಳು ಅವರನ್ನು ಎರಡೂ ಪಕ್ಕ ಹಿಡಿದು ಮನೆಗೆ ಕರೆತಂದು, ಕೆಳಗಿನ ಮನೆಯಲ್ಲಿದ್ದ ನಾದಿನಿಯ ವಶಕ್ಕೆ ಒಪ್ಪಿಸಿ ಹೋದರು.

"ಭಾವ! ಅಕ್ಕ ಹೋಗೋವಾಗ ನಿಮ್ಮನ್ನ ನೋಡ್ಕೋ ಅಂತ ನನ್ನ ಕೈಲಿ ಮಾತು ತಗೊಂಡಿದ್ಲು. ನೀವು ಹೀಗೆ ಮಾಡೋದಾ?"

ಗುಮಾಸ್ತರಿಗೆ ರೇಗಿತು. "ಸಾಯೋಕಲ್ಲಮ್ಮ, ಇರುವೆ ಸಾಕೋಕೆ!" ಎಂದು ಕಿರುಚಿದರು. ಆಮೇಲೆ ಅವರ ದನಿ ಇಳಿಯಿತು. "ಬೀಗ ತೆಗೆದು ಒಳಗೆ ಹೋದ್ರೆ ಏನೂ ಅಲ್ಲಾಡೋದಿಲ್ಲ ಕಣೆ. ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತೆ."

ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ರುಜು ಹಾಕ್ತೀನಿ. ಆದ್ರೆ ಅದನ್ನ ಕಣ್ಣಾರೆ ನೋಡಿಯೇ ಹಾಕೋದು."

ಐದೂವರೆಗೆ ಇಬ್ಬರೂ ಗಡಿಯಾರದಂಗಡಿಯಲ್ಲಿದ್ದರು. ಗಾಜಿನ ಕೊಳವೆಯ ತಳದಲ್ಲಿ ನೀರು, ಅದಕ್ಕೆ ಹತ್ತಿಯ ತಡೆ, ಈಚೆಗೆ ಕಪ್ಪು ರಾಣಿ, ಅದರ ಮಗ್ಗುಲಲ್ಲಿ ಚಿಟಿಕೆಯಷ್ಟು ಮೊಟ್ಟೆ. ಗುಮಾಸ್ತರು ನೋಡಲು ಬಗ್ಗುವಷ್ಟರಲ್ಲಿ ನಾದಿನಿಯ ತಲೆ ಅಡ್ಡ ಬಂತು.

"ಅಯ್ಯೋ, ಮೊಟ್ಟೇನ ಬಾಯಲ್ಲಿ ಎತ್ತಿ ಎತ್ತಿ ಜೋಡಿಸ್ತಿದಾಳೆ! ಏನು ತಿಂತಾಳೆ?"

"ಮೊದಲ ಮಕ್ಕಳು ಬರೋವರೆಗೆ ಏನೂ ಇಲ್ಲ. ಕತ್ತಲಲ್ಲಿಡಬೇಕು, ಅಲ್ಲಾಡಿಸಬಾರದು."

"ಬಾಣಂತಿ ಅಲ್ವಾ, ಪಾಪ."

ಮುದುಕರ ಮುಖ ಅರಳಿತು. ಇಷ್ಟು ವರ್ಷದಲ್ಲಿ ಗಿರಾಕಿಗಳ ಬಾಯಲ್ಲಿ ಆ ಮಾತು ಅವರು ಕೇಳಿರಲಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಾಗದ ಓದಿ, ಇಬ್ಬರ ವಯಸ್ಸೂ ಕೇಳಿದರು. ನಾದಿನಿಗೆ ನಲವತ್ತೊಂದು.

"ಹೆಸರು ತಲೆಕೆಳಗಾಗಿದೆಯಲ್ರೀ. ಹದಿನೈದು ವರ್ಷದ ಜವಾಬ್ದಾರಿ ಇದು. ಈ ತಾಯಿ ಮಾಲೀಕರಾಗಲಿ. ಎರಡನೇ ಹೆಸರು ನಿಯಮಕ್ಕೆ ಬೇಕು ಅಷ್ಟೇ, ಅಲ್ಲಿ ನೀವಿರಿ."

ಗುಮಾಸ್ತರು ನಾದಿನಿಯ ಮುಖ ನೋಡಿದರು. ಅವಳು ಆಗಲೇ ಕೊಳವೆಯನ್ನು ಕರವಸ್ತ್ರದಲ್ಲಿ ಸುತ್ತುತ್ತಿದ್ದಳು. "ಬೇಜಾರು ಮಾಡ್ಕೋಬೇಡಿ ಭಾವ. ಕೆಳಗಿನ ಮನೇಲೇ ಇರ್ತಾಳಲ್ಲ! ವಾರಕ್ಕೊಂದ್ಸಲ ಬಂದು ನೋಡಿ. ಜಾಸ್ತಿ ನೋಡಿದ್ರೆ ಅವಳಿಗೆ ತೊಂದರೆ ಆಗುತ್ತೆ."

ಗುಮಾಸ್ತರು ಒಬ್ಬರೇ ಮೆಟ್ಟಿಲು ಹತ್ತಿದರು. ಕೈಯಲ್ಲಿದ್ದ ನಕಲಿನಲ್ಲಿ 'ಮಾಲೀಕರ ನಂತರ' ಎಂಬಲ್ಲಿ ಅವರ ರುಜು ದುಂಡಗೆ ಬಿದ್ದಿತ್ತು. ಅಷ್ಟರಲ್ಲಿ ಕೆಳಗೆ ಬಾಗಿಲ ಬಳಿ ನಾದಿನಿ ಜೋರಾಗಿ ಎರಡು ಸಲ ಕೆಮ್ಮಿದಳು. ಗುಮಾಸ್ತರು ನಿಂತರು.

"ಬಿಸಿನೀರು ಕುಡಿಯಮ್ಮ," ಎಂದರು.

ಅಂದದ್ದೇನೋ ನಿಜ. ಆದರೆ ಅನ್ನುವ ಮೊದಲು, ಮೂರನೆಯ ಕೆಮ್ಮು ಬರುತ್ತದೋ ಎಂದು ಒಂದು ಗಳಿಗೆ ಕಿವಿಗೊಟ್ಟಿದ್ದರು. ನಾಚಿಕೆಯಿಂದ ಮುಖ ಬಿಸಿಯಾಗಿ, ಅವಸರದಲ್ಲಿ ಬೀಗ ತೆಗೆದು ಒಳಗೆ ಹೋದರು.