ಎರಡು ಮನೆಗೆ ಒಂದೇ ಉಪ್ಪು

ಗೋಡೆಯ ಆಚೆಯಿಂದ ಗುಲಾಬಿಯ ಮಿಕ್ಸಿ ಗುರ್ರೆಂದರೆ ಸಾಕು, ಒಳಗೆ ತಿರುಗುತ್ತಿರುವುದು ಬರೀ ತೆಂಗಿನಕಾಯಿಯೋ, ಒಣಮೆಣಸು ಸೇರಿದ ಮೀನಿನ ಮಸಾಲೆಯೋ ಎಂದು ನಾನು ಹೇಳಿಬಿಡುತ್ತಿದ್ದೆ. ತೊಂಬತ್ತರ ದಶಕದ ಬಹರೈನ್ ಎಂದರೆ ನನಗೆ ಇಂದಿಗೂ ಆ ಸದ್ದೇ. ಮನಾಮಾದ ಹಳೆಯ ಕಟ್ಟಡ, ಅಕ್ಕಪಕ್ಕ ಎರಡು ಫ್ಲಾಟು, ನಡುವೆ ಕೆಮ್ಮಿದರೆ ಆಚೆ ಕೇಳುವಂಥ ಗೋಡೆ. ಪುಟ್ಟ ದೇಶವೊಂದು ನಾಲ್ಕಾರು ದೇಶಗಳ ಜೊತೆ ಸೇರಿ ಒಂದೇ ನಾಣ್ಯ ಇಟ್ಟುಕೊಂಡರೆ ಲಾಭವೇನು, ನಷ್ಟವೇನು ಎಂದು ಪಂಡಿತರು ಪೇಪರಿನಲ್ಲಿ ಬರೆಯುತ್ತಾರಲ್ಲ, ಅದನ್ನು ಓದುವಾಗ ನನಗೆ ಆ ಗೋಡೆ ನೆನಪಾಗುತ್ತದೆ. ಇಕನಾಮಿಕ್ಸ್ ನಾನು ಕಲಿತವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದು ಗ್ರಾಮರ್, ನೀಡಲ್‌ವರ್ಕ್, ಮತ್ತು ಪರರ ಟೇಬಲ್ಲಿನಲ್ಲಿ ಬಡಿಸಿದ್ದಕ್ಕೆ ಹೆಸರಿಡದೆ ತಿನ್ನುವುದು. ನನ್ನನ್ನು ಮುಳುಗಿಸಿದ್ದು ಈ ಮೂರನೆಯ ಪಾಠ.

ನಮ್ಮ ಯಜಮಾನರು ಒಂದು ಟ್ರೇಡಿಂಗ್ ಕಂಪನಿಯ ಅಕೌಂಟ್ಸ್‌ನಲ್ಲಿದ್ದರು. ಯುರೋಪಿನವರೆಲ್ಲ ಸೇರಿ ಒಂದೇ ದುಡ್ಡು ಮಾಡುತ್ತಾರೆ, ಗಲ್ಫಿನವರೂ ಮಾಡಬೇಕೆಂಬ ಮಾತಿದೆ ಎಂದು ಓದಿದ ದಿನದಿಂದ ಅವರಿಗೆ ಅದೇ ಗುಂಗು. ನಮ್ಮ ದ್ವೀಪ ಗಾತ್ರದಲ್ಲಿ ಇಷ್ಟೇ ಇಷ್ಟು. ದಿನಾರ್ ಮಾತ್ರ ಭಾರದ್ದು. ಅಂಗಡಿಗಳಲ್ಲಿ ಸೌದಿ ರಿಯಾಲ್ ಹೇಗೂ ನಡೆಯುತ್ತಿತ್ತು. "ಸೇರಿದರೆ ಚಿಕ್ಕವರಿಗೇ ಲಾಭ ಮಾರಾಯ್ತಿ," ಎನ್ನುತ್ತಿದ್ದರು. "ಚಿಕ್ಕವರ ಮಾತು ಯಾರು ಕೇಳುತ್ತಾರೆ?" ಎಂದರೆ, "ನಿನಗೆ ಅದೆಲ್ಲ ಗೊತ್ತಾಗುವುದಿಲ್ಲ," ಎಂದು ಪೇಪರು ಮಡಚುತ್ತಿದ್ದರು. ಕೊನೆಗೆ ಗಲ್ಫಿನವರು ಒಂದಾಗುವವರೆಗೆ ಕಾಯಲಾರದೆ ನಮ್ಮ ಎರಡು ಅಡುಗೆಮನೆಗಳನ್ನೇ ಒಂದು ಮಾಡಿದರು. "ಎರಡು ಗ್ಯಾಸು, ಎರಡು ಮಿಕ್ಸಿ, ಎರಡು ಸಾರು! ಶುದ್ಧ ವೇಸ್ಟ್!"

ಗುಲಾಬಿಯ ಮನೆಯಲ್ಲಿ ಐದು ಜನ: ಅವಳು, ಸಿತ್ರಾದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದಲ್ಲಿದ್ದ ಗಂಡ ವಾಸಣ್ಣ, ಮೂವರು ಮಕ್ಕಳು. ನಮ್ಮಲ್ಲಿ ಇಬ್ಬರೇ. ಸಹಜವಾಗಿಯೇ ರಾಜಧಾನಿ ಅವಳ ಅಡುಗೆಮನೆಯಾಯಿತು. ಮೊದಮೊದಲು ಸ್ವರ್ಗ, ಸುಳ್ಳು ಹೇಳಬಾರದು. ನಾನು ತರಕಾರಿ ಹೆಚ್ಚುವುದು, ಅವಳು ಒಗ್ಗರಣೆ ಹಾಕುವುದು, ನಡುವೆ ಊರಿನವರನ್ನೆಲ್ಲ ಒಂದು ಸುತ್ತು ಆಡಿಕೊಂಡು ನಗುವುದು. "ಸುಮನಕ್ಕ, ನೀವು ಸೌತೆ ಹೆಚ್ಚುವುದೋ, ಎಂಬ್ರಾಯ್ಡರಿ ಮಾಡುವುದೋ?" ಎಂದು ಅವಳು ಕಾಲೆಳೆಯುತ್ತಿದ್ದಳು. ಅಕ್ಕ ಎಂದು ಅಷ್ಟು ಬಾಯ್ತುಂಬ ಕರೆದವರು ನನ್ನ ಒಡಹುಟ್ಟಿದವರಲ್ಲೂ ಇಲ್ಲ.

ಆದರೆ ಉಪ್ಪು! ವಾಸಣ್ಣ ಸಿತ್ರಾದ ಬಿಸಿಲಲ್ಲಿ ಬೆವರಾಗಿ ಹರಿದು ಕಂಪನಿ ಬಸ್ಸಿನಿಂದ ಇಳಿಯುತ್ತಿದ್ದರು. ಅವರ ಮೈ ಉಪ್ಪು ಕೇಳುತ್ತಿತ್ತು. ನಮ್ಮವರು ಎ.ಸಿ.ಯಲ್ಲಿ ಕೂತು ಬಿ.ಪಿ. ಬೆಳೆಸಿದವರು. ಅವರ ಒಕ್ಕೂಟದ ಸಿದ್ಧಾಂತದ ಬೇರು ಗುಲಾಬಿಯ ಒಣಮೀನಿನ ಚಟ್ನಿಯಲ್ಲಿತ್ತೆಂದು ನನಗೆ ತಡವಾಗಿ ಹೊಳೆಯಿತು. ನಾನು ಬೇಡವೆಂದಿದ್ದೆಲ್ಲ ಅಲ್ಲಿ ಯಥೇಚ್ಛ. ಒಂದು ದಿನ ಇವರು ಆಫೀಸಿನಲ್ಲಿ ತಲೆ ಸುತ್ತಿ ಕುಸಿದರು. "ಉಪ್ಪು ನಿಲ್ಲಿಸದಿದ್ದರೆ ಮುಂದಿನ ಸಲ ನನ್ನ ಹತ್ತಿರ ಕರೆತರುವ ಅಗತ್ಯ ಬೀಳಲಿಕ್ಕಿಲ್ಲ," ಎಂದರು ಡಾಕ್ಟರು.

ಮರುದಿನ ಮೆಲ್ಲಗೆ, "ಗುಲಾಬಿ, ಇವರಿಗೆ ಬೇರೆ ಪಾತ್ರೆಯಲ್ಲಿ ಸ್ವಲ್ಪ..." ಎಂದೆ. ಮಾತು ಮುಗಿಸಲು ಬಿಡಲಿಲ್ಲ. "ಎಂತ ಸುಮನಕ್ಕ, ಒಂದೇ ಮನೆ ಅಂದ ಮೇಲೆ ಎರಡು ಪಾತ್ರೆಯಾ? ಭಾವನಿಗೆ ಏನೂ ಆಗುವುದಿಲ್ಲ, ನಾನು ಕಮ್ಮಿ ಹಾಕುತ್ತೇನೆ." ಹಾಕಿದಳು ಕೂಡ. ಆ ವಾರವೇ ವಾಸಣ್ಣನಿಗೆ ಕಾಲಿನ ಸ್ನಾಯು ಹಿಡಿದು ಪ್ಲಾಂಟಿನಿಂದ ಇಬ್ಬರು ಎತ್ತಿಕೊಂಡು ಬಂದರು. ಉಪ್ಪು ಮತ್ತೆ ಏರಿತು. ಅವಳದು ತಪ್ಪೇ? ಅವಳ ಗಂಡ ಅವಳಿಗೆ, ನನ್ನ ಗಂಡ ನನಗೆ. ಪಂಡಿತರು ಇದನ್ನೇ ದೊಡ್ಡ ದೊಡ್ಡ ಶಬ್ದಗಳಲ್ಲಿ ಹೇಳುತ್ತಾರೆಂದು ಕಾಣುತ್ತದೆ: ಒಬ್ಬರ ಔಷಧಿ ಇನ್ನೊಬ್ಬರ ವಿಷವಾದಾಗ, ಚಮಚ ಯಾರ ಕೈಯಲ್ಲಿದೆಯೋ ಅವರದ್ದೇ ಉಪ್ಪು. ಹಿಂದೆ ನನ್ನ ಒಲೆ ನನ್ನದಿತ್ತು. ಸಾರು ಖಾರವಾದರೆ ನೀರು ಸುರಿದು ಸರಿಮಾಡುವ ಸ್ವಾತಂತ್ರ್ಯವಿತ್ತು. ಈಗ ನೀರು ಸುರಿಯಲಿಕ್ಕೂ ಐದು ಜನರ ಒಪ್ಪಿಗೆ ಬೇಕು.

ಕೊನೆಗೆ ಕಾಳಸಂತೆ ಶುರುಮಾಡಿದೆ. ಸಂಜೆ ಅಲ್ಲಿಗೆ ಹೋಗುವ ಮೊದಲೇ ನಮ್ಮ ಮುಚ್ಚಿದ ಅಡುಗೆಮನೆಯಲ್ಲಿ ಉಪ್ಪಿಲ್ಲದ ಗಂಜಿ, ಕಾಳುಮೆಣಸಿನ ಸಾರು ಮಾಡಿ ಇವರ ಹೊಟ್ಟೆ ತುಂಬಿಸುವುದು. ಅಲ್ಲಿ ಇವರು "ಹಸಿವಿಲ್ಲಮ್ಮ," ಎಂದು ಚಟ್ನಿಯನ್ನು ಅನಾಥನಂತೆ ನೋಡುವುದು. ಒಂದು ಸಂಜೆ ಇಂಗಿನ ಒಗ್ಗರಣೆ ಹಾಕಿದ್ದೆನಷ್ಟೆ, ಹೊರಬಾಗಿಲು ತೆರೆದೇ ಇತ್ತು. ಬಟ್ಟಲಲ್ಲಿ ಪಾಯಸ ಹಿಡಿದು ಗುಲಾಬಿ ನಿಂತಿದ್ದಳು. ಒಲೆ ನೋಡಿದಳು, ನನ್ನನ್ನು ನೋಡಿದಳು. "ಇಷ್ಟು ದಿನ ಪಾಪ, ನನ್ನ ಕೈಯಡುಗೆ ಕಷ್ಟಪಟ್ಟು ತಿಂದಿರಿ ಅಲ್ವಾ?" ಎಂದಳು. ಬಟ್ಟಲನ್ನು ಇಟ್ಟು ಹೋದಳು. ಜಗಳವಾಗಿದ್ದರೆ ಚೆನ್ನಾಗಿತ್ತು.

ಸೇರುವಾಗ ಒಂದು ದಿನ ಸಾಕಾಗಿತ್ತು, ಬೇರೆಯಾಗುವುದು ಅಷ್ಟು ಸಲೀಸಾಗಲಿಲ್ಲ. ಬಿಟ್ಟು ಬಂದ ಮೇಲೆ ನಮ್ಮ ಒಲೆ ನಮಗೆ ಸಿಕ್ಕಿತು, ಯಜಮಾನರ ಬಿ.ಪಿ. ಇಳಿಯಿತು, ಅವರು ಸಪ್ಪೆ ಮುಖ ಮಾಡಿಕೊಂಡು ಬದುಕಿಕೊಂಡರು. ಗುಲಾಬಿಯ ಮನೆಯವರು ದೂರದ ರಿಫಾಕ್ಕೆ ಮನೆ ಬದಲಿಸಿದರು. ನನಗೆ ಡ್ರೈವಿಂಗ್ ಬಾರದು. ಫೋನು ಮಾಡಿದರೆ ಮಕ್ಕಳೇ ಎತ್ತಿ, "ಮಮ್ಮಿ ಇಸ್ ಬಿಸಿ ಆಂಟಿ," ಎನ್ನುತ್ತಿದ್ದರು.

ಗುಲಾಬಿಯ ಮನೆಯವರು ಬಹರೈನ್ ಬಿಟ್ಟು ಊರಿಗೆ ಹೋಗುವ ಕೆಲವು ವಾರ ಮೊದಲು, ಕನ್ನಡದವರ ಒಂದು ಊಟದ ಕೂಟದಲ್ಲಿ ಅವಳನ್ನು ಕೊನೆಯ ಸಲ ನೋಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಡಿಸುತ್ತಿದ್ದಳು. ಪ್ಲೇಟು ಹಿಡಿದು ಸಾಲಿನಲ್ಲಿ ಮುಂದೆ ಹೋಗುತ್ತ ನಾನು ಒಳಗೊಳಗೇ ಮಾತು ಜೋಡಿಸಿಕೊಂಡಿದ್ದೆ: ನಿನ್ನ ಅಡುಗೆ ಸೇರದೆ ಅಲ್ಲ ಕಣೇ, ಗಂಡ ಸಾಯುತ್ತಾನೆಂಬ ಹೆದರಿಕೆಗೆ. ನನ್ನ ಸರದಿ ಬಂತು. ಅವಳು ಸೌಟು ಎತ್ತಿ, ಎಲ್ಲರನ್ನೂ ಕೇಳುವ ಹಾಗೆಯೇ ನಗುಮುಖದಲ್ಲಿ, "ಮೇಡಂ, ಸಾರು ಹಾಕಲಾ?" ಎಂದಳು. ಹಿಂದೆ ಉದ್ದ ಕ್ಯೂ ಇತ್ತು. ನಾನು "ಥ್ಯಾಂಕ್ಯೂ" ಎಂದೆ. ಅಷ್ಟು ವರ್ಷ ಇಂಗ್ಲಿಷ್ ಕಲಿತದ್ದಕ್ಕೆ ಆ ಹೊತ್ತಿಗೆ ನನಗೆ ಒದಗಿದ್ದು ಅದೊಂದೇ ಶಬ್ದ.