ಪಟ್ಟೆ ಮೀನಿನ ಮೊಟ್ಟೆಗಾಗಿ ನಾನು ಪಟ್ಟ ಪಾಡು

ನಿವೃತ್ತನಾದ ಮೇಲೆ ಸಿಟ್ಟು ಇಳಿಯುತ್ತದಂತೆ. ಹಾಗೆಂದವರು ಗಂಗಾವತಿಯಲ್ಲಿ ಮೀನು ಸಾಕಿದವರಲ್ಲ! ಪ್ರಾಣಿಶಾಸ್ತ್ರ ಕಲಿಸಿದ ಕಾಲೇಜಿಗೇ ಈಗ ಬಿಟ್ಟಿ ಸೇವೆಗೆ ಹೋಗುವ ನನಗೆ ವಾರಕ್ಕೊಂದಾದರೂ ಇಂಥದು ಕಾದೇ ಇರುತ್ತದೆ.

೧. ಚಹಾದಂಗಡಿಯ ಪ್ರಶ್ನೆ

ಜೀಬ್ರಾ ಮೀನು ಕಿರುಬೆರಳಿನಷ್ಟೂ ಇಲ್ಲ, ಮೈತುಂಬ ನೀಲಿ ಪಟ್ಟೆ. ಅದರ ಮರಿಯ ಮೈ ಮಾತ್ರ ಗಾಜಿನಂತೆ. ಅದರೊಳಗೆ ಮನುಷ್ಯರ ಕ್ಯಾನ್ಸರ್ ಜೀವಕೋಶ ಇಟ್ಟು, ಹೇಗೆ ಹಬ್ಬುತ್ತದೆಂದು ವಿಜ್ಞಾನಿಗಳು ಕಣ್ಣಾರೆ ನೋಡುತ್ತಾರೆ. ನಮ್ಮ ಹುಡುಗರಿಗೆ ಆ ಗಾಜಿನ ಮೊಟ್ಟೆಯನ್ನಾದರೂ ತೋರಿಸೋಣವೆಂದು ಇಪ್ಪತ್ತು ಮೀನು ತರಿಸಿ ಕಾಲೇಜಿನಲ್ಲೊಂದು ತೊಟ್ಟಿಗೆ ಬಿಟ್ಟೆ. ಪ್ರಾಚಾರ್ಯರು, "ಸೋಮವಾರ ಮೊಟ್ಟಿ ಕಾಣಬೇಕ್ರಿ. ಇಲ್ಲಾಂದ್ರ ತೊಟ್ಟಿ ಹೊರಗ" ಎಂದುಬಿಟ್ಟರು.

ಇದನ್ನೆಲ್ಲ ಚಹಾದಂಗಡಿಯವನಿಗೆ ಅರ್ಧ ತಾಸು ವಿವರಿಸಿದೆ.

"ಮೀನಿಗೂ ಕ್ಯಾನ್ಸರ್ ಬರತೈತೇನ್ರಿ ಸರ?"

"ಬರತೈತಿ."

"ಅವೇನು ಗುಟಕಾ ತಿಂತಾವೇನ್ರಿ?"

ಕೇಳುವಾಗ ಅವನ ಬಾಯಿತುಂಬ ಗುಟಕಾ!

೨. ಶಿಷ್ಯನ ಕಾಣಿಕೆ

ಸಿದ್ದಾಪುರದಲ್ಲಿ ಭತ್ತ ಬೆಳೆಯುವ ಹಳೆಯ ಶಿಷ್ಯನೊಬ್ಬ ತೊಟ್ಟಿ ನೋಡಲು ಬಂದ. "ಇಂಥವು ನಮ್ಮ ಗದ್ದ್ಯಾಗ ರಗಡ ಅದಾವ್ರಿ. ಇಷ್ಟು ದೊಡ್ಡ ಸರ್‌ಗೆ ಇಷ್ಟು ಸಣ್ಣ ಮೀನ?" ಎಂದು ಮರುಗಿದ. ಸಂಜೆ ನಾನಿಲ್ಲದಾಗ ಬಂದು, ಗೇಣುದ್ದದ ಕೊರವ ಮೀನೊಂದನ್ನು ಪ್ರೀತಿಯಿಂದ ತೊಟ್ಟಿಗೆ ಬಿಟ್ಟು ಹೋದ. ಬೆಳಿಗ್ಗೆ ಉಳಿದದ್ದು ಎಂಟು!

ಫೋನಿನಲ್ಲೇ ಕೂಗಾಡಿದೆ: "ಹನ್ನೆರಡು ಮೀನು ತಿಂದೈತಲೋ ಅದು!"

"ಹೌದೇನ್ರಿ? ಹಂಗಾರ ನೀರು ಒಗ್ಗೈತಿ ಬಿಡ್ರಿ ಸರ."

೩. ತವರಿಗೆ ಹೋದವರು

ಕೊರವವನ್ನು ಹೊರಗೆ ತೆಗೆದೆ. ಉಳಿದವು ಐದು ಹೆಣ್ಣು, ಮೂರು ಗಂಡು. ಭಾನುವಾರ ಸಂಜೆ ಹೆಣ್ಣು ಗಂಡಿನ ನಡುವೆ ಜಾಲರಿ ಇಟ್ಟು, ನಮ್ಮ ಹಿರಿಯ ಜವಾನನಿಗೆ ಹೇಳಿದೆ: "ಬೆಳಕಾದ ಕೂಡಲೇ ಜಾಲರಿ ತೆಗಿ. ಕೂಡಿದ್ರಷ್ಟೇ ಮೊಟ್ಟಿ ಇಡತಾವ."

ಸೋಮವಾರ ಪ್ರಾಚಾರ್ಯರು, ಹುಡುಗರು ಎಲ್ಲ ಬಂದು ಸುತ್ತ ನಿಂತರು. ನೋಡಿದರೆ ತೊಟ್ಟಿಯಲ್ಲಿ ಮೂರೇ ಮೀನು! ಮೂಲೆಯಲ್ಲೊಂದು ಬಕೆಟ್, ಅದಕ್ಕೆ ಅರಿಶಿನ ಕುಂಕುಮ.

"ಹೆಣ್ಣೆಲ್ಲಿ ಹೋದವೋ?"

"ತವರುಮನಿಗೆ ಕಳಿಸೀನ್ರಿ" ಎಂದು ಜವಾನ ಬಕೆಟ್ ತೋರಿಸಿದ. "ಆಷಾಢ ಹಿಡದೈತಲ್ರಿ ಸರ. ಬಂದು ಇನ್ನೂ ತಿಂಗಳಾಗಿಲ್ಲ, ಹೊಸಾ ಜೋಡಿ. ಕೂಡಸು ಅಂತೀರಲ್ಲ, ದೊಡ್ಡವ್ರು ನೀವು!"

"ಅವು ಮೀನೋ ಯಪ್ಪಾ!" ನನ್ನ ಕೂಗಿಗೆ ಕಿಟಕಿಯ ಪಾರಿವಾಳ ಹಾರಿದವು. ತೊಟ್ಟಿಯ ಕಥೆ ಮುಗಿಯಿತೆಂದು ಪ್ರಾಚಾರ್ಯರ ಮುಖ ನೋಡಿದೆ. ಅವರು ಬಕೆಟ್ಟಿಗೆ ಇಣುಕಿ, ನನ್ನ ಕಡೆ ತಿರುಗಿ ಗದರಿದರು:

"ಅವ ಹೇಳೋದು ಖರೆ ಐತ್ರಿ. ತೊಟ್ಟಿ ಇರಲಿ. ಶ್ರಾವಣ ಬಂದ ಮ್ಯಾಲೆ ನಾವಾ ಹೋಗಿ ಕರಕೊಂಡು ಬರೋಣು."