ತೂಬೆತ್ತುವ ಅಪ್ಪಣೆ

ಬಹಳ ಬಹಳ ಹಿಂದೆ, ತಲೆ ಇರುವುದೇ ಕಿರೀಟ ಇಡುವುದಕ್ಕೆ ಎಂದು ನಂಬಿದ್ದ ಕಾಲದಲ್ಲಿ, ತಾಂಬೂಲಾವತಿ ಎಂಬ ರಾಜ್ಯವಿತ್ತು. ಅದರ ದೊರೆ ವೀಳ್ಯಾದಿತ್ಯ ಮಹಾಪ್ರಭುಗಳ ಆಸ್ಥಾನದಲ್ಲಿ ನಾನು ಕರಣಿಕ. ಅಪ್ಪಣೆ ಬರೆದುಕೊಳ್ಳುವುದು ನನ್ನ ಉದ್ಯೋಗ. ದಿನಕ್ಕೆ ಇಪ್ಪತ್ತು ಸಲ ಎಲೆಯಡಿಕೆ ಹಾಕುತ್ತಿದ್ದವನ ನೆನಪನ್ನು ಓದುಗರು ನಂಬಬೇಕಿಲ್ಲ. ಇಲ್ಲಿರುವುದೆಲ್ಲ ಆಮೇಲೆ ಪುಟ್ಟೀರಮ್ಮ ಎಂಬವಳು ನನಗೆ ಬೈಯುತ್ತಾ ಹೇಳಿದ್ದು.

ಅಲ್ಲೊಂದು ಪದ್ಧತಿಯಿತ್ತು. ಅಹವಾಲು ತಂದವರು ಮೊದಲು ಒಂದು ಕಟ್ಟು ಎಲೆ ಒಪ್ಪಿಸಬೇಕು. ಪ್ರಭುಗಳು, ಮಂತ್ರಿಗಳು, ಬಡವನಾದ ನಾನು, ಎಲ್ಲರೂ ಅದಕ್ಕೆ ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ದವಡೆಗೆ ಒತ್ತಿಕೊಂಡು ಅಹವಾಲು ಕೇಳುತ್ತಿದ್ದೆವು. ಬಾಯಲ್ಲಿ ರಸವಿಟ್ಟುಕೊಂಡು ರಾಜಾಜ್ಞೆ ಹೊರಡಿಸುವುದು ಅಸಭ್ಯವಾದ್ದರಿಂದ, ಜಗಿದು ಉಗುಳಿ ಮುಕ್ಕಳಿಸಿದ ಮೇಲೆಯೇ ಅಪ್ಪಣೆ. ಅಷ್ಟರಲ್ಲಿ ಅಹವಾಲು ಏನೆಂಬುದೇ ಮರೆತುಹೋಗಿರುತ್ತಿತ್ತು. ಮತ್ತೆ ಕೇಳಬೇಕೆಂದರೆ ಮತ್ತೊಂದು ಕಟ್ಟು ಎಲೆ.

ಪುಟ್ಟೀರಮ್ಮ ಕೆರೆಯ ನೀರಗಂಟಿ, ತೂಬು ಕಾಯುವವಳು. ಆ ವರ್ಷ ಮಳೆ ವಿಪರೀತ. ಅಪ್ಪಣೆಯಿಲ್ಲದೆ ತೂಬು ಎತ್ತಿ ಕೆರೆಯ ನೀರು ಹೊರಬಿಟ್ಟವರ ಕೈ ಕಡಿಯುವುದು ಕಾನೂನು. ಅವಳು ಮೂರನೆಯ ಸಲ, ಈ ಬಾರಿ ಬುಟ್ಟಿ ತುಂಬ ಎಲೆಕಟ್ಟು ಹೊತ್ತು ಬಂದಳು.

“ಏರಿ ಬುಡದಾಗೆ ನೀರು ಜಿನುಗ್ತೈತೆ ಬುದ್ಧಿ. ತೂಬು ಎತ್ತಾಕೆ ಒಂದು ಮಾತು ಹೇಳ್ಬುಡಿ. ಕೆಳಗೇ ನಮ್ಮ ಕೇರಿ ಐತೆ. ಬಾಣಂತಿ ಮಗಳವ್ಳೆ ಮನೇಲಿ.”

ಪ್ರಭುಗಳ ಕಣ್ಣಲ್ಲಿ ನೀರು ಬಂತು. ಕರುಣೆಯೋ ಹೊಗೆಸೊಪ್ಪಿನ ಘಾಟೋ ಹೇಳಲಾರೆ. ಜಗಿದರು, ಉಗುಳಿದರು, ಮುಕ್ಕಳಿಸಿದರು.

“ಏನಮ್ಮ, ಬಂದ ಕಾರಣ?” ಎಂದರು.

ಆಸ್ಥಾನದಲ್ಲಿ ಎಲೆ ಹಾಕದವರೆಂದರೆ ರಾಜವೈದ್ಯ ನಂಜುಂಡಾರ್ಯರೊಬ್ಬರೇ. ಅದಕ್ಕೇ ಅವರನ್ನು ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ಅವರು ಎದ್ದು ನಿಂತರು.

“ಮಹಾಪ್ರಭು, ಈ ಚಟ ನಾಲಿಗೆಗಷ್ಟೇ ಅಂಟಿಲ್ಲ, ಮಿದುಳಿಗೂ ಅಂಟಿದೆ. ಹಾಕದಿದ್ದರೆ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ಹಾಕಿದರೆ ಕೇಳಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಬೇಕಾದರೆ ಪರೀಕ್ಷಿಸಿ. ಕೆರೆ, ಏರಿ, ತೂಬು, ಕೇರಿ, ಬಾಣಂತಿ. ಸ್ವಲ್ಪ ಹೊತ್ತು ಬಿಟ್ಟು ಈ ಐದನ್ನು ತಿರುಗಿ ಹೇಳಬೇಕು.”

ಸ್ವಲ್ಪ ಹೊತ್ತು ಬಿಟ್ಟು ಪ್ರಭುಗಳು ಗಂಭೀರವಾಗಿ ಹೇಳಿದರು: “ಎಲೆ, ಅಡಿಕೆ, ಸುಣ್ಣ.”

“ಐದಕ್ಕೆ ಮೂರು!” ಎಂದು ಮಹಾಮಂತ್ರಿ ಕ್ರಮುಕಸೇನರು ಚಪ್ಪಾಳೆ ತಟ್ಟಿದರು. “ಶೇಕಡಾ ಅರವತ್ತು. ಫಸ್ಟ್ ಕ್ಲಾಸ್, ಪ್ರಭು.”

ನನ್ನ ಸರದಿ ಬಂದಾಗ, ಪರೀಕ್ಷೆ ಯಾವತ್ತು ಎಂದು ಕೇಳಿದೆನಂತೆ.

ಮಹಾಮಂತ್ರಿಗಳು ಮುಂದುವರಿಸಿದರು: “ವೈದ್ಯರ ಸ್ಯಾಂಪಲ್ ಸೈಜ್ ಸಾಲದು. ಮರೆವು ರೋಗವಲ್ಲ, ಆಡಳಿತ ಸುಧಾರಣೆ. ಹಳೆಯ ಅರ್ಜಿ ಒಂದೂ ಬಾಕಿ ಉಳಿಯದ ರಾಜ್ಯ ನಮ್ಮದಲ್ಲದೆ ಇನ್ನಾವುದಿದೆ? ಒಂದು ಕಮಿಟಿ ರಚಿಸೋಣ.”

ಕಮಿಟಿ ಕೂತಿತು. ಮೊದಲು ಪುಟ್ಟೀರಮ್ಮನ ಬುಟ್ಟಿಯಲ್ಲಿ ಉಳಿದಿದ್ದ ಎಲೆ ಖಾಲಿ ಮಾಡಿತು. ನಂತರ, ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದು ಸಭಾಮರ್ಯಾದೆಗೆ ವಿರುದ್ಧವೆಂದು ನಿರ್ಣಯಿಸಿ, ವೈದ್ಯರನ್ನು ಗಡೀಪಾರು ಮಾಡಿತು. ಆ ನಿರ್ಣಯವನ್ನು ದುಂಡಗಿನ ಅಕ್ಷರದಲ್ಲಿ ಬರೆದವನು ನಾನೇ. ನನ್ನ ಕೈಬರಹ ಚೆನ್ನಾಗಿತ್ತು.

ಅವತ್ತು ಸಂಜೆ ಏರಿ ಒಡೆಯಿತು. ಕೇರಿಯೂ ಅದರಾಚೆಯ ಎಲೆತೋಟಗಳೂ ಕೊಚ್ಚಿಹೋದವು. ಪುಟ್ಟೀರಮ್ಮನ ಮಗಳು ಬೇವಿನ ಮರ ತಬ್ಬಿಕೊಂಡು ಉಳಿದಳು. ಕೂಸು ಉಳಿಯಲಿಲ್ಲ. ಈ ಮಾತನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ.

ಮರುದಿನ ಪ್ರಭುಗಳು ದೋಣಿಯಲ್ಲಿ ಹೋಗಿ ನೋಡಿ, “ಅಯ್ಯೋ, ಮೊದಲೇ ಯಾರಾದರೂ ಹೇಳಬಾರದಿತ್ತೆ?” ಎಂದು ಮರುಗಿದರು. ಆ ಮರುಕಕ್ಕಾಗಿ ಮಹಾಮಂತ್ರಿಗಳು ಅವರಿಗೆ ‘ಸ್ಮೃತಿಸಾಗರ’ ಎಂಬ ಬಿರುದು ಕೊಡಿಸಿದರು. ತೋಟ ಹಾಳಾಗಿ ಅರಮನೆಗೆ ಎಲೆ ಕೊರತೆಯಾದ್ದರಿಂದ, ಬದುಕುಳಿದ ಪ್ರತಿ ಮನೆಯವರೂ ನೆರೆರಾಜ್ಯಕ್ಕೆ ನಡೆದುಹೋಗಿ ಎಲೆ ತಂದೊಪ್ಪಿಸಬೇಕೆಂದು ಡಂಗುರ ಹೊಡೆಸಲಾಯಿತು.

ಬಿರುದಿನ ಸಮಾರಂಭಕ್ಕೆ ಪುಟ್ಟೀರಮ್ಮ ಬರಿಗೈಯಲ್ಲಿ ಬಂದಳು. ಸೀರೆ ಇನ್ನೂ ಕೆಸರಾಗಿತ್ತು. ನೆಟ್ಟಗೆ ನನ್ನ ಮುಂದೆ ಬಂದು ನಿಂತಳು.

“ಬರಕೊಳ್ಳೋರು ನೀವು. ನಾನು ಮೂರು ಸಲ ಬಂದಿದ್ದೆ ಅಂತ ನೀವಾದ್ರೂ ಒಂದು ಮಾತು ಹೇಳಿ ಬುದ್ಧಿ.”

ನಾನು ರಸವನ್ನು ಒಂದು ದವಡೆಗೆ ಸರಿಸಿಕೊಂಡು, ಮುಖ ಮೇಲೆತ್ತಿ, ಬಹಳ ವಿನಯದಿಂದಲೇ ಕೇಳಿದೆ:

“ಯಾರಮ್ಮ ನೀನು? ಎಲೆ ತಂದಿದ್ದೀಯಾ?”